ಪರಮಶಿವಯ್ಯನವರ ಹಳೇ ಮೆಸೆಂಜರ್

ಎರಡು ಸಾವಿರದ ಐದನೇ ಇಸವಿಯ ಮಾತು. ತಿಪಟೂರಿನ ಕೊಬ್ಬರಿ ವ್ಯಾಪಾರಿ ಪರಮಶಿವಯ್ಯನವರ ಮಂಡಿಗೆ ಕಂಪ್ಯೂಟರ್ ಬಂದಿತ್ತು. ಹರಾಜು ಮುಗಿಯುವುದೇ ತಡ, ಮೆಸೆಂಜರ್ ತೆರೆದು ದಿಲ್ಲಿಯ ವ್ಯಾಪಾರಿಗಳಿಗೆ ಅಂದಿನ ಧಾರಣೆ ಕಳಿಸುವರು. ಟೈಪು ಮಾಡುತ್ತಿದ್ದುದು ಎರಡೇ ಬೆರಳಲ್ಲಿ, ಗತ್ತು ಮಾತ್ರ ಊರಿಗಾಗುವಷ್ಟು.

ಸೊಸೆ ಜೀವಿತಾ ತುರುವೇಕೆರೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಒಂದು ದಿನ ಪರದೆ ನೋಡಿ ಹೇಳಿದಳು:

"ಮಾವ, ಈ ಮೆಸೆಂಜರು ತುಂಬ ಹಳೇದು. ಇದ್ರಲ್ಲಿ ದೋಷ ಐತೆ, ಕಳ್ಳರು ಒಳಗೆ ನುಗ್ಗಬೋದು ಅಂತ ಕಂಪನಿಯೋರೇ ಹೇಳವ್ರೆ. ಸರಿ ಮಾಡಿದ್ದನ್ನ ಪುಕ್ಕಟೆ ಕೊಡ್ತಾವ್ರೆ, ಹಾಕ್ಕೊಳಿ."

"ಬುಡಮ್ಮ, ಹಳೇದಾದ್ರೇನು? ಕಾಯಿ ಅಟ್ಟದ ಮೇಲೆ ವರ್ಷ ಕೂತ್ರೇನೇ ಒಳ್ಳೇ ಕೊಬ್ಬರಿ ಆಗೋದು. ಇಂಟರ್‌ನೆಟ್ಟೂ ಫೋನ್ ಲೈನಲ್ಲೇ ಬರೋದು, ಹೊಸದು ಇಳಿಸ್ಕೊಳ್ಳೋಕೆ ಹೋದ್ರೆ ಅರ್ಧ ಗಂಟೆ ಲೈನು ಸಿಗಾಕಿಲ್ಲ. ದಿಲ್ಲಿಯೋರು ಫೋನ್ ಮಾಡಿದ್ರೆ?"

ಮಾವನಿಗೆ ಬುದ್ಧಿ ಹೇಳುವುದೆಂದರೆ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಶನಿವಾರ ಹುಳಿಯಾರಿನ ಗೆಳೆಯ ಮಲ್ಲಿಕಾರ್ಜುನಯ್ಯನ ಹೆಸರಲ್ಲಿ ಒಂದು ಲಿಂಕ್ ಬಂತು. 'ಮಗಳ ಮದುವೆ ಫೋಟೋ, ನೋಡಿ.' ಪರಮಶಿವಯ್ಯ ಒತ್ತಿದರು. ಫೋಟೋ ಏನೂ ಕಾಣಲಿಲ್ಲ. ಇಂಟರ್‌ನೆಟ್ ಮುಚ್ಚಿದರೋ ಇಲ್ಲವೋ, ಫೋನು ಬಡಿದುಕೊಳ್ಳತೊಡಗಿತು.

"ಏನ್ ಸ್ವಾಮಿ, ಅದೆಂಥಾ ಫೋಟೋ ಕಳ್ಸಿದ್ರಿ? ಕಂಪ್ಯೂಟರೇ ಕೆಟ್ಟು ಕೂತೈತೆ!" ಎಂದ ಚಿಕ್ಕನಾಯಕನಹಳ್ಳಿಯ ವ್ಯಾಪಾರಿ ಮಲ್ಲೇಶ್.

"ನಾನೇನೂ ಕಳ್ಸಿಲ್ಲ ಕಣಪ್ಪ!"

ಅವರು ಕಳಿಸಿರಲಿಲ್ಲ, ನಿಜ. ಅವರ ಹೆಸರಲ್ಲಿ ಕಳ್ಳ ಪ್ರೋಗ್ರಾಂ ಕಳಿಸಿತ್ತು, ಮೆಸೆಂಜರಿನ ಪಟ್ಟಿಯಲ್ಲಿದ್ದ ಎಲ್ಲರಿಗೂ. ಮಲ್ಲಿಕಾರ್ಜುನಯ್ಯನ ಗತಿಯೂ ಅದೇ ಆಗಿತ್ತು. ಆಮೇಲೆ ದಿಲ್ಲಿಯ ಹಳೇ ಗಿರಾಕಿ ಫೋನ್ ಮಾಡಿ, ಬೇರೆಯವರು ಕಳಿಸಿದ್ದರೆ ಮುಟ್ಟುತ್ತಲೇ ಇರಲಿಲ್ಲ, ನಿಮ್ಮ ಹೆಸರು ಕಂಡು ಒತ್ತಿದೆ ಎಂದ. ಪರಮಶಿವಯ್ಯನವರ ಮುಖ ಸಣ್ಣದಾಯಿತು. ತೋರಿಸಿದ ಕೊಬ್ಬರಿಯನ್ನೇ ಮೂಟೆಗೆ ತುಂಬುವ ಮನುಷ್ಯ ಎಂದು ಹೆಸರು ಪಡೆಯಲು ಅವರಿಗೆ ಒಂದು ಆಯುಷ್ಯವೇ ಹಿಡಿದಿತ್ತು.

ಜೀವಿತಾ ಗಾಬರಿಯಾಗಲಿಲ್ಲ. "ಮೊದ್ಲು ಉಳಿದೋರಿಗೆಲ್ಲ ಫೋನ್ ಮಾಡಿ, ಒತ್ತಬ್ಯಾಡಿ ಅನ್ನಿ. ಕಂಪ್ಯೂಟರು ನಾನು ಶುದ್ಧ ಮಾಡ್ತೀನಿ. ಮಾವ, ಕಾಯಿ ಒಣಗ್ಲಿ ಅಂತ ಬುಡ್ತೀರಿ, ಸರಿ. ಅಟ್ಟದ ಮೇಲೆ ಹೆಂಚು ಒಡೆದ್ರೂ ಹಂಗೇ ಬುಡ್ತೀರಾ?"

"ಅದೆಂಗೆ ಬುಡಾಕಾಯ್ತದೆ? ಒಂದು ಮಳೆಗೆ ಅಷ್ಟೂ ಕೊಳೀತದೆ."

"ಮೆಸೆಂಜರು ಹೆಂಚು ಮಾವ, ಕಾಯಲ್ಲ."

ಪರಮಶಿವಯ್ಯ ಒಬ್ಬೊಬ್ಬರಿಗೂ ಫೋನ್ ಮಾಡಿ, ಒತ್ತದವರನ್ನು ಎಚ್ಚರಿಸಿ, ಒತ್ತಿದವರ ಕ್ಷಮೆ ಕೇಳಿದರು. ಕೊನೆಗೆ ಸೊಸೆಗೆ ಹೇಳಿದರು:

"ಕಳ್ಳ ನನ್ನ ಕೊಬ್ಬರಿ ಹೊತ್ಕೊಂಡು ಹೋಗಿದ್ರೆ ಇಷ್ಟು ಉರೀತಿರ್ಲಿಲ್ಲ ಕಣಮ್ಮ. ನನ್ನ ಹೆಸರು ಹೇಳ್ಕೊಂಡು ನನ್ನ ನಂಬಿದೋರ ಮನೆಗೆ ನುಗ್ಗವ್ನೆ. ಹೊಸದು ಹಾಕು, ಈಗ್ಲೇ. ಫೋನು ಕಾಯ್ಲಿ ಬುಡು."

ನಿಮ್ಮ ಮನೆಯ, ಅಂಗಡಿಯ ಮೆಸೆಂಜರ್ ಯಾವ ಕಾಲದ್ದು? ಇವತ್ತೇ ನೋಡಿ. ಹೊಸದನ್ನು ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಒಡಹುಟ್ಟಿದವರ ಹೆಸರಲ್ಲೇ ಲಿಂಕ್ ಬರಲಿ, ಫೋನ್ ಮಾಡಿ ಕೇಳದೆ ಒತ್ತಬೇಡಿ. ನಿಮ್ಮ ಹೆಸರು ಕಂಡರೆ ಸಾಕು, ಕಣ್ಣು ಮುಚ್ಚಿ ಬಾಗಿಲು ತೆರೆಯುವ ಜನ ನಿಮಗೂ ಇದ್ದಾರೆ. ಅವರನ್ನು ಕಾಯುವವರು ನೀವೇ.