ಅಳತೆ ತಪ್ಪಿದ ಕುಣಿ

ಕರಿಬಸಯ್ಯನ ಹೆಣವನ್ನು ಕುಣಿಯಲ್ಲಿ ಕೂರಿಸಿದಾಗ ತಲೆ ಮೇಲೆಯೇ ಉಳಿಯಿತು. ಹೊತ್ತು ತಂದವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಮೂರೂವರಿ ಅಡಿ ಮನಷ್ಯಾಗ ಇಷ್ಟು ಸಾಕಂತ ನಾನಽ ಹೇಳಿದ್ದೆ," ಎಂದ ಕರಿಬಸಯ್ಯನ ಕಾಕಾ ವೀರೇಂದ್ರ.

"ಅವರ ಕೈಕಾಲಷ್ಟ ಗಿಡ್ಡ ಇದ್ವು ಕಾಕಾ. ಕುಂತರ ನಿಮ್ಮಷ್ಟಽ ಇರ್ತಿದ್ರು," ಎಂದಳು ಸತ್ತವನ ಹೆಂಡತಿ ರಾಜಶ್ರೀ. "ಇಷ್ಟು ವರ್ಷ ಬಾಜೂಕ ಕುಂತು ಉಂಡೀರಿ. ನೋಡಿಲ್ಲೇನು?"

ವೀರೇಂದ್ರ ಗುಟ್ಕಾ ಉಗುಳಿದ. ಅದು ಕುಣಿಯ ಅಂಚಿಗೇ ಬಿತ್ತು. ಹೆಣವನ್ನು ಮೇಲೆತ್ತಿ ಮತ್ತೆ ತೋಡತೊಡಗಿದರು. ಯಾರೋ ಮೊಬೈಲ್ ಎತ್ತಿ ಹಿಡಿದರು.

*

ಮಸ್ಕಿಯ ಬಸ್‌ಸ್ಟ್ಯಾಂಡ್ ಎದುರು ಮೊಬೈಲ್ ರಿಪೇರಿ ಮಾಡುತ್ತಿದ್ದ ಕರಿಬಸಯ್ಯನಿಗೆ ಹೋದ ವರ್ಷ ಕಾಲು ಜೋಮು ಹಿಡಿಯತೊಡಗಿತು. ಲಿಂಗಸುಗೂರಿನ ಡಾಕ್ಟರು ಮುಟ್ಟಿಯೂ ನೋಡಲಿಲ್ಲ. "ನಿಮ್ಮಂಥೋರ ಕಾಲು ಹಂಗಽ ಇರ್ತಾವ," ಎಂದು ಗುಳಿಗೆ ಬರೆದು, ತಮ್ಮ ಮಗನನ್ನು ಕರೆದು ಇವನ ಪಕ್ಕ ನಿಲ್ಲಿಸಿ ಫೋಟೊ ತೆಗೆದರು. ಕರಿಬಸಯ್ಯ ಫೋಟೊಕ್ಕೆ ನಕ್ಕ. ಹೊರಗೆ ಬಂದು ಹೆಂಡತಿಯ ಮುಖ ನೋಡಲಿಲ್ಲ.

ಉಚ್ಚೆ ಹೋದದ್ದೇ ತಿಳಿಯದಂತಾದಾಗ ಸಿಂಧನೂರಿಗೆ ಹೋದರು. ಅಲ್ಲಿಯ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿದರು.

"ಬೆನ್ನೆಲುಬಿನ ಒಳಗಿನ ದಾರಿ ಹುಟ್ಟಿನಿಂದನಽ ಇಕ್ಕಟ್ಟು. ನರ ಅದುಮಿ ಹೋಗ್ಯಾವ. ಕಾಲು ಜೋಮು ಹಿಡಿದಾಗಽ ಬಂದಿದ್ರ ಆಪರೇಷನ್ ಮಾಡಬಹುದಿತ್ತು."

ಆಮೇಲೆ ರಾಜಶ್ರೀಯ ತೊಡೆಯ ಮೇಲಿದ್ದ ಕೂಸು ಮೇಘಾಳನ್ನು ನೋಡಿದರು. ಅಪ್ಪನದೇ ಹಣೆ, ಅಪ್ಪನದೇ ಗಿಡ್ಡ ಬೆರಳು.

"ಇದಕ್ಕೂ ಕುತ್ತಿಗ್ಯಾಗ ಹಂಗಽ ಇಕ್ಕಟ್ಟು ಇರಬಹುದು, ಸ್ಕ್ಯಾನ್ ಆಗಬೇಕು. ನಿದ್ದ್ಯಾಗ ಉಸಿರು ನಿಂತ್ರ ಒಂದ್ ದಿನಾನೂ ತಡ ಮಾಡಬ್ಯಾಡ್ರಿ."

ಅಷ್ಟರಲ್ಲಿ ಉಚ್ಚೆಯ ನಂಜು ಕರಿಬಸಯ್ಯನ ರಕ್ತಕ್ಕೇರಿತ್ತು. ಅವನು ಮತ್ತೆ ಮೇಲೇಳಲಿಲ್ಲ.

*

ಎರಡನೆಯ ಸಲ ಕುಣಿ ಸರಿಹೋಯಿತು. ವಿಭೂತಿ, ಪತ್ರಿ, ಮಣ್ಣು. ಮೊದಲ ಹಿಡಿ ಮಣ್ಣು ಹಾಕಿದ ಅತ್ತೆ ಕಸ್ತೂರೆಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು. ಮೇಘಾ ಗೊರಕೆ ಹೊಡೆಯುತ್ತಿದ್ದಳು.

"ಗೊರಕೀನೂ ಅಪ್ಪಂದಽ," ಎಂದು ಪಕ್ಕದ ಹೆಂಗಸು ನಕ್ಕಳು.

ಗೊರಕೆ ನಿಂತಿತು. ರಾಜಶ್ರೀ ಕಾದಳು. ಕೂಸಿನ ಎದೆ ಏಳಲಿಲ್ಲ. ಬಾಚಿ ಎತ್ತಿಕೊಂಡ ಮೇಲೆ, ಬಿಕ್ಕಿದಂತೆ ಒಂದು ಉಸಿರು ಬಂತು.

ಗಂಡನ ಗೆಳೆಯ ಅಜೀಮನ ಆಟೋ ಅಲ್ಲೇ ನಿಂತಿತ್ತು. "ಅಜೀಮಣ್ಣ, ಸಿಂಧನೂರಿಗೆ ನಡಿ. ಈಗಽ."

"ಮಣ್ಣು ಪೂರಾ ಮುಗದಿಲ್ಲ. ಗಂಡನ್ನ ಬಿಟ್ಟು ಹೊಂಟೀಯೇನು?" ವೀರೇಂದ್ರ ಅಡ್ಡ ಬಂದ.

"ಅವರನ್ನ ಮುಚ್ಚಾಕ ನೀವು ಅದೀರಲ್ಲ."

ಅವಳು ಹತ್ತಿ ಕೂತಳು. ಯಾರನ್ನೂ ಕೇಳದೆ ಕಸ್ತೂರೆಮ್ಮನೂ ಹತ್ತಿದಳು. ಆಟೋ ಸಿಂಧನೂರು ರಸ್ತೆಗೆ ಬಿದ್ದಾಗ, ಮಗನಿಗೆ ಮಣ್ಣು ಹಾಕಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೊಮ್ಮಗಳ ಮೂಗಿನ ಕೆಳಗೆ ಬೆರಳು ಹಿಡಿದಳು.