ಎಂಬತ್ತೈದು ಗ್ರಾಂ

ತಕ್ಕಡಿಯ ಮುಳ್ಳು ಇನ್ನೂ ನಡುಗುತ್ತಿದೆ, ಎಂಬತ್ತರ ಆಚೆ, ತೊಂಬತ್ತರ ಈಚೆ, ಅಪ್ಪ ಅಂಗಡಿ ಮುಚ್ಚಿದ ಮೇಲೆ ಮನೆಗೆ ತಂದ ತಕ್ಕಡಿ, ಈಗ ಚಾಮರಾಜಪುರಂನ ನಮ್ಮ ಹಜಾರದಲ್ಲಿ ಕೂತು ಹಿಮಾಲಯದ ಸಾಮಾನು ತೂಗುತ್ತಿದೆ, ಗುಡಾರ ಎರಡೂವರೆ ಕೇಜಿ, ಸೀಮೆಎಣ್ಣೆ ಸ್ಟೌ ಒಂದು ಕೇಜಿ, ಈಗ ಒಂದು ಸ್ಟೀಲ್ ಲೋಟ, ಶಿವರಾಮು ತನ್ನ ಚೀಲದಿಂದ ತೆಗೆದು ಇಟ್ಟದ್ದು — ಎಂಬತ್ತೈದು ಗ್ರಾಂ, ಬರ್ಕೊಳೋ ಚಂದ್ರು, ಅಂದವನು ಆಗಲೇ ನೆಲದ ಮೇಲೆ ಹರಡಿದ ನಕ್ಷೆಗೆ ಬಗ್ಗಿದ್ದಾನೆ, ನನ್ನ ಮುಖ ನೋಡದೆ, ನೋಡದಿರುವುದೂ ಒಂದು ಮರ್ಯಾದೆ ಎನ್ನುವಂತೆ, ನಕ್ಷೆಯಲ್ಲಿ ಆರು ನೀಲಿ ಚುಕ್ಕೆ, ಹದಿಮೂರು ಸಾವಿರ ಅಡಿ ಮೇಲಿನ ಸರೋವರಗಳು, ಒಂದಕ್ಕೂ ಹೆಸರಿಲ್ಲ, ಕೆರೆ ಅಂದ್ರೆ ಸಾಕು ಬುಡು ಅನ್ನುತ್ತಾನೆ ಅವನು, ಕುರಿಗಾಹಿಗಳ ಕಾಲುದಾರಿ ಮೊದಲನೆಯದರ ಹತ್ತಿರವೇ ಮುಗಿಯುತ್ತದೆ, ಆಮೇಲೆ ದಾರಿಯೇ ಇಲ್ಲ, ಬಂಡೆ, ಹಿಮ, ದಿಕ್ಸೂಚಿ, ನಾವಿಬ್ಬರು, ಐದು ದಿನ, ದಸರಾ ರಜೆಗೆ ಊರೆಲ್ಲ ಮೈಸೂರಿಗೆ ಬರುವಾಗ ಒಂದೇ ಹೈಸ್ಕೂಲಿನ ಇಬ್ಬರು ಮೇಷ್ಟ್ರುಗಳು ಮೈಸೂರು ಬಿಟ್ಟು, ನಾನು ಭೂಗೋಳ, ಅವನು ವಿಜ್ಞಾನ, ಮರಳಿನ ಚೀಲ ಬೆನ್ನಿಗೆ ಕಟ್ಟಿಕೊಂಡು ವರ್ಷಗಟ್ಟಲೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದು ಇದಕ್ಕೇ, ನೀನು ದಾರಿ ತೋರ್ಸು, ನಿನ್ನ ನಂಬ್ಕೊಂಡೇ ಬತ್ತಿರೋದು ಕಣೋ, ಅಂದಿದ್ದ, ಆ ಮಾತನ್ನು ಈಗ ಎಲ್ಲಿ ಇಟ್ಟುಕೊಳ್ಳಲಿ.

ಹೋದ ಭಾನುವಾರ, ಇಲ್ಲೇ, ಇದೇ ಚಾಪೆ, ತೂಕ ಇಳಿಸಲು ಹೊರಟು ಟೂತ್‌ಬ್ರಷ್ಷಿನ ಹಿಡಿಯನ್ನೂ ಕತ್ತರಿಸಿ ನಕ್ಕಿದ್ದೆವು, ಪಟ್ಟಿ ಬರೆಯುತ್ತಿದ್ದವನು ಅವನು, ಗುಡಾರ ಒಂದು, ಪಾತ್ರೆ ಒಂದು — ಲೋಟಾನೂ ಒಂದೇ ಸಾಕಲ್ವಾ, ನೀನು ಕುಡ್ದು ಕೊಡು, ನಾನು ಕುಡೀತೀನಿ, ಅಂದು ಬರೆದ, ಲೋಟ, ಒಂದು, ನಾನು ಹೂಂ ಅಂದೆ, ಮನಸಾರೆ ಅಂದೆ, ಅದು ಸುಳ್ಳಲ್ಲ, ಒಂದು ನಿಮಿಷವೂ ಆಗಿರಲಿಲ್ಲ, ಬಾಯಾರಿ ಅವನ ಕೈ ನನ್ನ ಪಕ್ಕದ ನೀರಿನ ಲೋಟಕ್ಕೆ ಹೋಯಿತು, ನಮ್ಮ ಮನೆಯ ಸ್ಟೀಲ್ ಲೋಟಕ್ಕೆ, ಇರು ಇರು, ಬೇರೆ ತರ್ತೀನಿ, ಅಂದವನು ನಾನೇ, ಅಮ್ಮನಲ್ಲ, ಅಮ್ಮ ಒಳಗೆ ಸೊಪ್ಪು ಬಿಡಿಸುತ್ತಿದ್ದಳು, ಎರಡು ಸಾವಿರದ ಮೂರನೇ ಇಸವಿಯಲ್ಲಿ ಕೂತು ನನ್ನ ಕೈ ಲೋಟವನ್ನು ಈಚೆಗೆ ಎಳೆದುಕೊಂಡಿತು, ನಾನೇ ಎದ್ದು ಪ್ಲಾಸ್ಟಿಕ್ ಲೋಟದಲ್ಲಿ ನೀರು ತಂದೆ, ಆ ಲೋಟಗಳ ಪ್ಯಾಕೆಟ್ಟು ಕೊಂಡು ತಂದಿಟ್ಟವನೂ ನಾನೇ, ಅವನ ಜಾತಿ ಅಮ್ಮನಿಗೆ ಗೊತ್ತು, ಅವನು ಕುಡಿದ ಲೋಟವನ್ನು ಅವಳು ಹಿತ್ತಲಲ್ಲಿ ಬೇರೆ ಇಡುವುದನ್ನು ನೋಡಿದ್ದೆ, ಎದುರಾಡುವ ಬದಲು ಉಪಾಯ ಹೂಡಿದೆ, ಇಬ್ರಿಗೂ ಪ್ಲಾಸ್ಟಿಕ್ಕಲ್ಲೇ ಕೊಡಮ್ಮ, ತೊಳೆಯೋ ಕೆಲಸ ತಪ್ಪುತ್ತೆ, ಎಂಥ ಜಾಣ, ಅಮ್ಮನಿಗೂ ಬೇಜಾರಿಲ್ಲ, ಅವನಿಗೂ ಗೊತ್ತಾಗುವುದಿಲ್ಲ, ಆ ಜಾಣತನವನ್ನೆಲ್ಲ ನನ್ನ ಕೈ ಒಂದೇ ಎಳೆತದಲ್ಲಿ ಬಯಲು ಮಾಡಿತು, ಅವನು ನೀರನ್ನು ಪೂರ್ತಿ ಕುಡಿದ, ಪ್ಲಾಸ್ಟಿಕ್ ಲೋಟವನ್ನು ಮಡಿಸಿ ಜೇಬಿಗೆ ಹಾಕಿಕೊಂಡ, ಕಸದ ಬುಟ್ಟಿ ಎಲ್ಲಿ ಅಂತಲೂ ಕೇಳಲಿಲ್ಲ.

ಈ ಲೋಟ ನನಗೆ ಗೊತ್ತು, ಶ್ರೀರಾಂಪುರದ ಅವರ ಮನೆಯದು, ಅಂಚಿನ ಕೆಳಗೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರು, ತಿಮ್ಮಮ್ಮ, ಅವನ ತಾಯಿ, ಅವರು ನನಗೆ ಮಜ್ಜಿಗೆ ಕೊಟ್ಟದ್ದು ಇದರಲ್ಲೇ, ನಾನು ಎತ್ತಿ ಕುಡಿಯಲಿಲ್ಲ, ಬೇಕೆಂದೇ ಕಚ್ಚಿ ಕುಡಿದೆ, ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡೆ, ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನನ್ನು ನಾನೇ ಮೆಚ್ಚಿಕೊಂಡೆ, ಥೂ, ಮಜ್ಜಿಗೆ ಕುಡಿದದ್ದಕ್ಕೆ ತನ್ನನ್ನು ಮೆಚ್ಚಿಕೊಳ್ಳುವವನು ಎಂಥ ಸ್ನೇಹಿತ, ಏನಾದರೂ ಹೇಳು, ಕ್ಷಮಿಸು ಅನ್ನು — ಒಂದೇ ಲೋಟ ಅಂತ ಬರ್ದಿದ್ವಲ್ಲೋ ಶಿವು, ಇದ್ಯಾಕೆ ತಂದೆ, ಬಾಯಿಂದ ಬಂದದ್ದು ಇಷ್ಟೇ, ಕೇಳಬಾರದಿತ್ತು, ಅವನು ತಲೆ ಎತ್ತಲಿಲ್ಲ, ಇರ್ಲಿ ಬುಡೋ, ಎದ್ದೋಗಿ ಬೇರೆ ತರಕ್ಕೆ ಅಲ್ಲಿ ಅಡುಗೆಮನೆ ಇರಕ್ಕಿಲ್ಲ, ಅಂದ, ಸಿಟ್ಟಿಲ್ಲದೆ ಅಂದ, ಬೈದಿದ್ದರೆ ಚೆನ್ನಾಗಿತ್ತು, ಅಷ್ಟರಲ್ಲಿ ಅಮ್ಮ ಕಾಫಿಯ ಜಗ್ಗು ಹಿಡಿದು ಬಂದಳು, ಓ, ಲೋಟ ನೀವೇ ತಂದ್ಬುಟ್ರಾ ಮೇಷ್ಟ್ರೇ, ಒಳ್ಳೇದಾಯ್ತು ಬಿಡಿ, ಅವಳ ಮುಖದಲ್ಲಿ ಎಷ್ಟು ನಿರಾಳ, ತಕ್ಕಡಿಯ ಮೇಲಿದ್ದ ಹಾಗೆಯೇ ಅದಕ್ಕೆ ಎತ್ತರದಿಂದ ಕಾಫಿ ಬಗ್ಗಿಸಿದಳು, ಮುಳ್ಳು ಏರಿತು, ನೂರು, ನೂರೈವತ್ತು, ಇನ್ನೂರು, ನನ್ನ ಕೈಯಲ್ಲಿ ಪಟ್ಟಿ, ಲೋಟದ ಮುಂದೆ ಅವನ ಅಕ್ಷರದ ಒಂದು, ಅದನ್ನು ಹೊಡೆದು ಎರಡು ಮಾಡಲಾರೆ, ಈಗ ಎತ್ತಿಕೊಂಡು ಒಂದು ಗುಟುಕು ಕುಡಿದು ಅವನ ಕೈಗೆ ಕೊಟ್ಟುಬಿಡಲೇ, ಅಮ್ಮನ ಎದುರಿಗೇ, ಕುಡಿ, ಕೊಡು, ಕೈ ಚಾಚು, ಹೋದ ವಾರ ಅಷ್ಟು ಬೇಗ ಚಾಚಿದ ಕೈ ಇಂದು ಪೆನ್ನನ್ನು ಬಿಡುತ್ತಿಲ್ಲ, ಅಮ್ಮ ನಿಂತಿದ್ದಾಳೆ, ಅವನು ನಕ್ಷೆ ನೋಡುತ್ತಿದ್ದಾನೆ, ಮುಳ್ಳು ನಿಂತಿದೆ, ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ತಿಮ್ಮಮ್ಮ, ತಿಮ್ಮಮ್ಮ —