ಕಾಣೆಯಾದ ನೂರಾ ಐವತ್ತು ಗ್ರಾಂ

ಕಲಾದಗಿಯ ಪ್ರೌಢಶಾಲೆಯೊಂದರಲ್ಲಿ ಭುವನೇಶ್ವರಿ ಗಣಿತದ ಶಿಕ್ಷಕಿ. ಒಂದು ಸೋಮವಾರ ಎಂಟನೆಯ ತರಗತಿಗೆ ಅವಳು ಸುಲಭದ ಲೆಕ್ಕವನ್ನೇ ಕೊಟ್ಟಿದ್ದಳು. ಎರಡು ಕಿಲೋ ದಾಳಿಂಬೆಯಲ್ಲಿ ಐನೂರು ಗ್ರಾಂ ಸಿಪ್ಪೆ ಇದ್ದರೆ, ಸಿಪ್ಪೆ ಶೇಕಡಾ ಎಷ್ಟು?

ಹಲಗೆಗೆ ಬಂದವಳು ಮಲ್ಲಮ್ಮ. ಕುರಿ ಮೇಯಿಸುವ ಮನೆತನದ ಹುಡುಗಿ. ಮಂದೆಯ ಜೊತೆ ಊರೂರು ತಿರುಗಿ, ಆ ವರ್ಷ ಅಜ್ಜಿ ಮಾಯವ್ವನ ಮನೆಯಲ್ಲಿ ಉಳಿದು ಶಾಲೆಗೆ ಸೇರಿದ್ದಳು. ಸೂತ್ರ ಅವಳಿಗೆ ಬಾಯಿಪಾಠವಾಗಿತ್ತು. ಐನೂರನ್ನು ಎರಡರಿಂದ ಭಾಗಿಸಿ ನೂರರಿಂದ ಗುಣಿಸಿದಳು. ಇಪ್ಪತ್ತೈದು ಸಾವಿರ ಬಂತು. ಹಾಗೇ ಬರೆದಳು.

ತರಗತಿ ಗೊಳ್ಳೆಂದು ನಕ್ಕಿತು. ಮಲ್ಲಮ್ಮ ಸೀಮೆಸುಣ್ಣ ಇಟ್ಟು, ಯಾರ ಮುಖವನ್ನೂ ನೋಡದೆ ಹಿಂದಿನ ಬೆಂಚಿಗೆ ಹೋಗಿ ಕುಳಿತಳು.

ಭುವನೇಶ್ವರಿ ಎಲ್ಲರ ನೋಟುಬುಕ್ಕುಗಳನ್ನು ತರಿಸಿ ನೋಡಿದಳು. ಮೂವತ್ತರಲ್ಲಿ ಇಪ್ಪತ್ತೊಂದು ಬುಕ್ಕುಗಳಲ್ಲಿ ಅದೇ ಇಪ್ಪತ್ತೈದು ಸಾವಿರವಿತ್ತು.

"ನಕ್ಕವರೂ ಇದನ್ನ ಬರದೀರಲ್ಲ," ಅಂದಳು. "ನೂರು ಪರ್ಸೆಂಟ್ ಅಂದ್ರ ಹಣ್ಣೆಲ್ಲಾ ಬರೇ ಸಿಪ್ಪಿ. ಇಪ್ಪತ್ತೈದು ಸಾವಿರ ಅಂದ್ರ ಎರಡು ಕಿಲೋ ಹಣ್ಣಿನೊಳಗ ಐನೂರು ಕಿಲೋ ಸಿಪ್ಪಿ. ಅದನ್ನ ಹೊರಾಕ ಟ್ರ್ಯಾಕ್ಟರ್ ಬೇಕು."

ಮತ್ತೆ ನಗು ಎದ್ದಿತು. ಮಲ್ಲಮ್ಮ ಮಾತ್ರ ತಲೆ ಎತ್ತಲಿಲ್ಲ. ಬಾಗಲಕೋಟೆಯ ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ಭುವನೇಶ್ವರಿಗೆ ಆ ಬಗ್ಗಿದ ತಲೆಯೇ ಕಾಣುತ್ತಿತ್ತು.

ಬುಧವಾರ ಅದೇ ತರಗತಿಯ ಜೋಹರಾ ತನ್ನ ಅಬ್ಬಾನ ತೋಟದಿಂದ ಚೀಲದ ತುಂಬ ದಾಳಿಂಬೆ ತಂದಳು. ಟೀಚರೇ ಕೇಳಿ ತರಿಸಿದ್ದಳು. ಅಂಗಡಿಯೊಂದರಿಂದ ಎರವಲು ತಂದ ದೊಡ್ಡ ತಕ್ಕಡಿ ಕಿಲೋ ತೋರಿಸುತ್ತಿತ್ತು. ಭುವನೇಶ್ವರಿಯ ಅಡುಗೆಮನೆಯ ಸಣ್ಣ ತಕ್ಕಡಿ ಗ್ರಾಂ ತೋರಿಸುತ್ತಿತ್ತು. ದೊಡ್ಡದರಲ್ಲಿ ಸರಿಯಾಗಿ ಎರಡು ಕಿಲೋ ಹಣ್ಣು ತೂಗಿದರು. ಟೀಚರ್ ಕೊಯ್ದು ಕೊಟ್ಟಂತೆ ಮಕ್ಕಳು ಕೈತೊಳೆದುಕೊಂಡು ಬಂದು, ಕಾಳು ಬಿಡಿಸಿ ಬುಟ್ಟಿಗೆ ಹಾಕಿದರು.

ಸಣ್ಣ ತಕ್ಕಡಿಯಲ್ಲಿ ಸಿಪ್ಪೆ ಏಳುನೂರಾ ಅರವತ್ತು ಗ್ರಾಂ ತೂಗಿತು. ಈ ಸಲ ಮಕ್ಕಳು ಎರಡು ಕಿಲೋವನ್ನು ಮೊದಲು ಎರಡು ಸಾವಿರ ಗ್ರಾಂ ಮಾಡಿಕೊಂಡರು. ಸಿಪ್ಪೆ ಶೇಕಡಾ ಮೂವತ್ತೆಂಟು. ಕಾಳು ಸಾವಿರದ ತೊಂಬತ್ತು ಗ್ರಾಂ, ಶೇಕಡಾ ಐವತ್ತನಾಲ್ಕೂವರೆ.

"ಎರಡೂ ಕೂಡಿಸ್ರಿ," ಅಂದಳು ಭುವನೇಶ್ವರಿ.

ತೊಂಬತ್ತೆರಡೂವರೆ ಬಂತು. ಮಕ್ಕಳು ಮತ್ತೆ ಕೂಡಿಸಿದರು. ಅಷ್ಟೇ ಬಂತು. ಏಳೂವರೆ ಶೇಕಡಾ, ಅಂದರೆ ನೂರಾ ಐವತ್ತು ಗ್ರಾಂ, ಎಲ್ಲಿಯೋ ಕಾಣೆಯಾಗಿತ್ತು.

"ರಸ ಸೋರಿರಬೇಕ್ರಿ," ಅಂದ ಒಬ್ಬ. ಕೆಳಗೆ ಹಾಸಿದ ಪೇಪರು ನಾಲ್ಕು ಹನಿ ಬಿಟ್ಟರೆ ಒಣಗಿಯೇ ಇತ್ತು.

"ಟೀಚರ್, ನಿಂಗರಾಜ ಬುಟ್ಟಿ ಮಗ್ಗಲಕ್ಕ ಕುಂತಿದ್ದ," ಅಂದಳು ಜೋಹರಾ. "ಅವನ ತಿಂದಾನ್ರಿ."

ಬಿಸಿಯೂಟದಲ್ಲಿ ಮೂರು ಸಲ ಅನ್ನ ಹಾಕಿಸಿಕೊಳ್ಳುವ ನಿಂಗರಾಜನ ಮೇಲೆ ಎಲ್ಲರಿಗೂ ಸಂಶಯ ಬಂತು. ಅವನ ಮುಖ ಸಣ್ಣದಾಯಿತು. "ಎಂಟ ಕಾಳು ತಿಂದೇನ್ರಿ ಟೀಚರ್, ಅಷ್ಟ. ಖರೇನ ಹೇಳ್ತೇನಿ," ಅಂದ. ಯಾರೂ ನಂಬಲಿಲ್ಲ.

ಆಗ ಹಿಂದಿನ ಬೆಂಚಿನಿಂದ ಮಲ್ಲಮ್ಮ ಎದ್ದಳು. ಸೋಮವಾರದಿಂದ ಅವಳು ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ.

"ಟೀಚರ್, ಎಂಟು ಕಾಳು ತೂಗಿ ನೋಡ್ಲ್ಯಾ?"

"ಬಾ, ನೋಡು."

ಅವಳು ಬುಟ್ಟಿಯಿಂದ ಎಂಟು ಕಾಳು ಎಣಿಸಿ ಸಣ್ಣ ತಕ್ಕಡಿಯ ಮೇಲಿಟ್ಟಳು. ಮೂರು ಗ್ರಾಂ. ಹಲಗೆಯತ್ತ ಹೋಗಿ ಮೂರನ್ನು ನೂರಾ ಐವತ್ತರಿಂದ ಭಾಗಿಸಿ ನೂರರಿಂದ ಗುಣಿಸಿದಳು.

"ಎರಡೂ ಗ್ರಾಮಿನ್ಯಾಗ ಅದಾವ, ಬದಲಿ ಮಾಡೂದು ಬ್ಯಾಡ," ಎಂದು ತನಗೇ ಹೇಳಿಕೊಂಡಳು. ಆಮೇಲೆ ತರಗತಿಯ ಕಡೆ ತಿರುಗಿದಳು. "ಹೋಗಿದ್ದರಾಗ ನಿಂಗರಾಜಂದು ಎರಡು ಪರ್ಸೆಂಟ್ ಅಷ್ಟ. ಉಳಿದ ತೊಂಬತ್ತೆಂಟು ಯಾರು ತಿಂದೀರಿ?"

ಮುಂದಿನ ಬೆಂಚಿನಲ್ಲಿ ಒಂದು ಕೈ ಮೆಲ್ಲಗೆ ಮೇಲೆದ್ದಿತು. ಅದರ ಪಕ್ಕದಲ್ಲಿ ಇನ್ನೊಂದು. ಬೆರಳುಗಳೆಲ್ಲ ಕೆಂಪಾಗಿದ್ದವು. ಜೋಹರಾ ಅತ್ತಿತ್ತ ನೋಡಿ ತಾನೂ ಕೈ ಎತ್ತಿದಳು. ಕೊನೆಗೆ ಮಲ್ಲಮ್ಮನೂ ನಗುತ್ತಾ ತನ್ನ ಕೈ ಎತ್ತಿದಳು.

ಭುವನೇಶ್ವರಿಗೂ ನಗು ತಡೆಯಲಾಗಲಿಲ್ಲ. "ಕೊಯ್ಯುವಾಗ ನಾನೂ ನಾಕು ಕಾಳು ಬಾಯಿಗೆ ಹಾಕ್ಕೊಂಡೇನಿ," ಎಂದು ಒಪ್ಪಿಕೊಂಡಳು. ತರಗತಿಯ ನಗು ಪಕ್ಕದ ಕೋಣೆಗೂ ಕೇಳಿಸಿರಬೇಕು. ಹತ್ತನೆಯ ತರಗತಿಯ ಮಕ್ಕಳು ಕಿಟಕಿಯಲ್ಲಿ ಇಣುಕಿದರು.

ಉಳಿದ ಕಾಳು ಹಂಚುವ ಕೆಲಸವನ್ನು ಮಲ್ಲಮ್ಮನಿಗೇ ಒಪ್ಪಿಸಿದರು. ಒಬ್ಬೊಬ್ಬರಿಗೆ ಮೂವತ್ತಾರು ಗ್ರಾಂನಂತೆ ತೂಗಿ ಕೊಟ್ಟಳು. ಹತ್ತು ಗ್ರಾಂ ಮಿಕ್ಕಿತು.

"ಅದನ್ನ ನಿಂಗರಾಜಗ ಕೊಡು," ಅಂದಳು ಜೋಹರಾ, ನೆಲ ನೋಡುತ್ತಾ. "ನಾ ಸುಮ್ನ ಅವನ ಹೆಸರ ಹೇಳಿದೆ."

ನಿಂಗರಾಜ ಎರಡೂ ಕೈ ಒಡ್ಡಿ ಇಸಿದುಕೊಂಡ. ಅರ್ಧವನ್ನು ಜೋಹರಾಳಿಗೇ ಕೊಟ್ಟ.

ಊಟದ ಗಂಟೆ ಹೊಡೆದು ಮಕ್ಕಳು ತಟ್ಟೆ ಹಿಡಿದು ಓಡಿದರು. ಭುವನೇಶ್ವರಿ ಹಲಗೆ ಒರೆಸಲು ಹೋದಾಗ ಮಲ್ಲಮ್ಮ ಇನ್ನೂ ಅಲ್ಲೇ ಇದ್ದಳು.

"ಊಟಕ್ಕ ಹೋಗೂದಿಲ್ಲೇನು?"

"ಹೋಗ್ತೇನ್ರಿ. ಅದಕ್ಕಿಂತ ಮೊದಲ ಒಂದು ಲೆಕ್ಕಾ ಕೊಡ್ರಿ ಟೀಚರ್. ಈ ಸಲ ಲೀಟರು, ಮಿಲಿಲೀಟರಿಂದು ಕೊಡ್ರಿ."

ಭುವನೇಶ್ವರಿ ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟಳು.

"ಬರಕೋ. ಮೂರು ಲೀಟರ್ ಕುರಿ ಹಾಲು," ಎಂದು ಶುರುಮಾಡಿದಳು.